ಹಗೇವಿಗೆ ಬಗ್ಗಿದ ಧೈರ್ಯವಂತ

ನಾನು ಧೈರ್ಯವಂತ ಎಂಬುದಕ್ಕೆ ಇದ್ದ ಸಾಕ್ಷಿ ನಾನೊಬ್ಬನೇ. ಹೆಂಡತಿ ಮಾದೇವಿಯ ಅಂಜುಬುರುಕತನಕ್ಕಾದರೆ ಇಡೀ ಯಳಂದೂರೇ ಸಾಕ್ಷಿ. ಕುಕ್ಕರ್ ಕೂಗುವುದು ತಡವಾದರೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಗದಿದ್ದರೆ, ಕೆಲವೊಮ್ಮೆ ಏನೂ ಆಗದಿದ್ದರೂ ಎದೆ ಹಿಡಿದು ಕೂತುಬಿಡುತ್ತಾಳೆ. "ರೀ, ಉಸುರೇ ಸಿಗ್ತಿಲ್ಲ, ಸತ್ತೋಯ್ತೀನಿ ಅನ್ನಿಸ್ತದೆ." ನಾನು ಪತ್ರಿಕೆಯಿಂದ ತಲೆ ಎತ್ತದೆ, "ಏನೂ ಆಗಲ್ಲ, ಎಲ್ಲಾ ಮನಸ್ಸಿನ ಆಟ" ಎನ್ನುತ್ತಿದ್ದೆ. ಹದಿನೆಂಟು ವರ್ಷ ಇದೊಂದೇ ಔಷಧಿ.

ಹೋದ ಬೇಸಿಗೆಯಲ್ಲಿ ಅವಳ ತವರು ಹೂಗ್ಯಂಗೆ ಹೋಗಿದ್ದೆವು. ಅಂಗಳದಲ್ಲಿ ಹಗೇವು ಇದೆ. ರಾಗಿ ತುಂಬಿಡುವ ಆಳದ ನೆಲಗುಂಡಿ, ಒಬ್ಬಾಳು ಇಳಿಯುವಷ್ಟೇ ಬಾಯಿ. ಬಾಮೈದ ಸಿದ್ದಪ್ಪ ಮುಚ್ಚಿದ್ದ ಕಲ್ಲು ಸರಿಸಿ, "ಲಾಟೀನು ತತ್ತೀನಿ, ಯಾರೂ ಬಗ್ಬ್ಯಾಡಿ" ಎಂದು ಒಳಗೆ ಹೋದ. ಲಾಟೀನು ಯಾವ ಕಾಲದ್ದು ಎಂದುಕೊಂಡು ನಾನು ಮೊಬೈಲಿನ ಟಾರ್ಚ್ ಹಚ್ಚಿದೆ.

"ಬ್ಯಾಡ ಕಣ್ರಿ, ನಂಗ್ಯಾಕೋ ಭಯ."

"ನಿನಗೆ ಯಾವಾಗ ಇರಲಿಲ್ಲ?" ಎಂದು ಬೋರಲು ಮಲಗಿ ತಲೆ, ಹೆಗಲು ಎರಡನ್ನೂ ಗುಂಡಿಗೆ ಇಳಿಸಿದೆ.

ನಾಲ್ಕು ಉಸಿರಿಗೆ ಎದೆ ತಮಟೆಯಾಯಿತು. ಎಷ್ಟು ಎಳೆದರೂ ಉಸಿರು ಸಾಲದು. ಸತ್ತೆ ಎನ್ನುವುದರಲ್ಲಿ ಅನುಮಾನವೇ ಉಳಿಯಲಿಲ್ಲ. ಆಗ ಸಮಯಪ್ರಜ್ಞೆಯಿಂದ ತೆವಳಿ ಹಿಂದೆ ಬಂದೆ ಎಂದು ನನ್ನ ನೆನಪು. ಎರಡೂ ಕಾಲು ಹಿಡಿದು ದರದರ ಎಳೆದೆ ಎಂದು ಮಾದೇವಿಯ ನೆನಪು. ತರಚಿದ ನನ್ನ ಗದ್ದ ಅವಳ ಕಡೆಗಿದೆ. "ಅವ್ವಾ" ಎಂದು ಕೂಗಿದ್ದನ್ನೂ ನನ್ನ ನೆನಪು ಒಪ್ಪುವುದಿಲ್ಲ. ಪಕ್ಕದ ಮನೆಯವರು ಒಪ್ಪುತ್ತಾರೆ.

ಸಿದ್ದಪ್ಪ ಲಾಟೀನು ಹಿಡಿದು ಓಡಿಬಂದ. "ಭಾವ, ದೀಪ ಬಿಡೋದು ರಾಗಿ ನೋಡಕ್ಕಲ್ಲ, ಗಾಳಿ ನೋಡಕ್ಕೆ! ಒಳಗೆ ಕೆಟ್ಟ ಗಾಳಿ ಇದ್ರೆ ದೀಪ ಆರೋಯ್ತದೆ. ಮೊಬೈಲು ಸತ್ತವರ ಜೇಬಲ್ಲೂ ಉರೀತದೆ."

ಎಲ್ಲರೂ ನಕ್ಕರು. ಮಾದೇವಿ ಮಾತ್ರ ಪಕ್ಕ ಕೂತು ನನ್ನ ಕೈ ಹಿಡಿದಳು. "ಸತ್ತೋಯ್ತೀನಿ ಅನ್ನಿಸ್ತದಾ?" ತಲೆಯಾಡಿಸಿದೆ. "ಸಾಯಲ್ಲ. ಬಿಡೋ ಉಸುರ ಉದ್ದಕ್ಕೆ ಬಿಡಿ. ಈಗ ಕೈ ಜುಮ್ಮನ್ನೋದು ನಿಲ್ತದೆ. ಆಮೇಲೆ ಎದೆ." ಅವಳು ಹೇಳಿದ ಕ್ರಮದಲ್ಲೇ ಎಲ್ಲ ಇಳಿಯಿತು.

"ನಿನಗೆ ಹೇಗೆ ಗೊತ್ತು?"

"ನಂಗೆ ಗುಂಡಿ ಬ್ಯಾಡ ಕಣ್ರಿ. ಕೂತಲ್ಲೇ ಬತ್ತದೆ."

ಮಾರನೆಯ ದಿನ ಕೊಳ್ಳೇಗಾಲದ ಡಾಕ್ಟರು, "ಆ ಗಾಳಿ ಒಳಗೆ ಹೋದರೆ ಯಾರ ಮೈಯಾದರೂ ಹೆದರುತ್ತದೆ. ಎಷ್ಟು ಹೆದರುತ್ತದೆ ಅನ್ನೋದು ಅವರವರ ಸ್ವಭಾವ" ಎಂದರು. ಮೊದಲನೇ ವಾಕ್ಯವನ್ನಷ್ಟೇ ಮನೆಯಲ್ಲಿ ಹೇಳಿದೆ.

ಈಗ ಅವಳಿಗೆ ಹಾಗಾದಾಗ ಪಕ್ಕ ಕೂರುತ್ತೇನೆ. ಮೊನ್ನೆ ಅವಳ ಮುಖ ಬೆವತದ್ದು ಕಂಡು ಕೈ ಹಿಡಿದರೆ, ನಡುಗುತ್ತಿದ್ದದ್ದು ನನ್ನ ಕೈ. ಅವಳು ತನ್ನ ಭಯವನ್ನು ಅರ್ಧಕ್ಕೇ ಬಿಟ್ಟು ನನ್ನ ಬೆನ್ನು ಸವರಿದಳು. "ನೀವ್ ಮೊದ್ಲು ಉಸುರ್ ಬಿಡಿ. ನಂದು ಆಮೇಲೆ ನೋಡ್ಕಳಣ."