ಸೀಲ್ ಒಡೆಯದ ಭುಟ್ಟಾ

ಮನೆಯಲ್ಲಿ ಯಾರಾದರೂ ಆರೋಗ್ಯ ಸುಧಾರಿಸಿಕೊಳ್ಳಲು ಹೊರಟರೆ ಸಾಕು, ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ನಾಗಪುರಕ್ಕೆ ಬಂದ ಮೇಲೆ ನಮ್ಮ ಮನೆಯಲ್ಲಿ ಇಂಥ ಸುಧಾರಣೆ ವರ್ಷಕ್ಕೊಮ್ಮೆಯಾದರೂ ನಡೆದಿದೆ. ಇದು ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದ್ದು.

೧. ಹಸಿರು ಬಾವುಟ

ನಮ್ಮನೆಯವರು ಧಾರವಾಡದ ಕಡೆಯವರು, ಗೂಡ್ಸ್ ರೈಲಿನ ಗಾರ್ಡ್. ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸುವಾಗ ಅವರ ಮುಖದಲ್ಲಿ ಕಾಣುವ ಕಳೆ ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ಆ ವರ್ಷದ ತಪಾಸಣೆಯಲ್ಲಿ ರೈಲ್ವೆ ಆಸ್ಪತ್ರೆಯ ಮರಾಠಿ ಡಾಕ್ಟರು ಖಡಕ್ಕಾಗಿ ಹೇಳಿದರಂತೆ: "ಸಕ್ಕರೆ ಜಾಸ್ತಿ, ತೂಕ ಜಾಸ್ತಿ. ಒಂದು ತಿಂಗಳು ಟೈಮು. ಕಡಿಮೆ ಆಗದಿದ್ದರೆ ಗಾಡಿ ಡ್ಯೂಟಿ ಬಂದ್, ಆಫೀಸಿನ ಕುರ್ಚಿ. ತಿಂದದ್ದು, ಹೊಟ್ಟೆಯಲ್ಲಿ ಆದದ್ದು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ."

"ಕುರ್ಚಿ ಮ್ಯಾಲೆ ಕುಂತು ಬಾವುಟ ಯಾರಿಗೆ ತೋರಸ್ಲಿ? ಫ್ಯಾನಿಗೇನು?" ಎಂದು ಇವರು ಮನೆಗೆ ಬಂದು ಊಟ ಬಿಟ್ಟರು. ಅಂದರೆ, ಮೂರನೇ ಸಲ ಬಡಿಸಿಕೊಳ್ಳಲಿಲ್ಲ.

೨. ಎಮ್ಮೆಯ ಸಾಕ್ಷಿ

ನಾನು ಮೈಸೂರಿನವಳು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಗಂಡನ ಸಕ್ಕರೆ ಇಳಿಸುವುದು ಯಾವ ದೊಡ್ಡ ಲೆಕ್ಕ? ಬಜಾಜ್ ನಗರದಲ್ಲಿ ಹಸಿ ಆಹಾರದ ಶಿಬಿರ ನಡೆಯುತ್ತಿತ್ತು. ಇವರನ್ನೂ ಎಳೆದುಕೊಂಡು ಹೋದೆ. ಮೊದಲು ಇಬ್ಬರನ್ನೂ ತೂಗಿದರು. ಇವರು ಎರಡೂ ತೂಕ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡರು. ಆಮೇಲೆ ಶಿಬಿರದ ಗುರುಗಳು ಅಪ್ಪಣೆ ಕೊಡಿಸಿದರು: "ಬೆಂಕಿ ಮುಟ್ಟಿದ್ದೆಲ್ಲ ಸತ್ತ ಅನ್ನ. ಹಸಿ ಭುಟ್ಟಾ ತಿನ್ನಿ, ಕರುಳು ಕನ್ನಡಿಯ ಹಾಗಾಗುತ್ತದೆ."

ಭುಟ್ಟಾ ಎಂದರೆ ನಮ್ಮ ಮೆಕ್ಕೆಜೋಳ. ಅದರ ಕಾಳಿನ ಸಿಪ್ಪೆಯಲ್ಲಿ ಸೆಲ್ಯುಲೋಸ್ ಇರುತ್ತದೆ, ಮನುಷ್ಯನ ಹೊಟ್ಟೆಗೆ ಅದು ಅರಗುವುದಿಲ್ಲ ಎಂದು ಹದಿನೈದು ವರ್ಷ ಪಾಠ ಮಾಡಿದವಳು ನಾನೇ. ಆದರೆ ಪಾಠ ಇರುವುದು ವಿದ್ಯಾರ್ಥಿಗಳಿಗೆ. ಮರುದಿನವೇ ಕಳಮನಾ ಮಾರುಕಟ್ಟೆಯಿಂದ ಅರ್ಧ ಚೀಲ ತರಿಸಿ ಘೋಷಿಸಿದೆ: "ಇನ್ನೊಂದು ತಿಂಗಳು ಒಲೆ ಹಚ್ಚಲ್ಲ. ನಿಮ್ಮ ಜೊತೆ ನಾನೂ ಹಸೀದೇ ತಿಂತೀನಿ."

ಇವರು ಒಂದು ಕಾಳು ಕಚ್ಚಿದರು. "ಏ, ಇದು ಎಳೇದಲ್ಲ, ಬಲತೈತಿ. ನಮ್ಮೂರಾಗ ಇದನ್ನ ಎಮ್ಮಿಗೆ ಹಾಕ್ತಾರ."

"ಸಕ್ಕರೆ ಕಾಯಿಲೆಯ ಎಮ್ಮೆ ಎಲ್ಲಾದರೂ ನೋಡಿದೀರಾ?" ಎಂದೆ.

ಇವರು ತೆನೆಯನ್ನು ಮತ್ತೆ ಕೈಗೆತ್ತಿಕೊಂಡರು.

೩. ಸುಸ್ಥಿತಿಯಲ್ಲಿರುವ ಉಪಕರಣ

ನಾಲ್ಕನೇ ದಿನಕ್ಕೆ ಹಸಿ ಜೋಳ ಮಾತಾಡಲು ಶುರುಮಾಡಿತು. ನನ್ನ ಹೊಟ್ಟೆ ಮಡಕೆಯಂತೆ ಊದಿ ಒಳಗೆ ಗುಳುಗುಳು. ಅವತ್ತೇ ನಮ್ಮ ಪ್ರಯೋಗಾಲಯ ನೋಡಲು ಬೇರೆ ಊರಿನಿಂದ ಹಿರಿಯ ಪ್ರಾಧ್ಯಾಪಕರೊಬ್ಬರು ಬಂದಿದ್ದರು. ನಾನು ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದೆ. ಬಟ್ಟಿ ಇಳಿಸುವ ಉಪಕರಣದ ಮುಂದೆ ಬಂದಾಗ ಹೊಟ್ಟೆ ಕೈಕೊಟ್ಟಿತು. ಗುಳು, ಗುಳು, ಗುಳು.

ಅವರು ಕಿವಿಗೊಟ್ಟು ಕೇಳಿ ತಲೆದೂಗಿದರು. "ವಾಹ್! ಕುದಿ ಬರೋಬರ್ ಬಂದಿದೆ."

"ಬೆಳಿಗ್ಗೆಯಿಂದ ಹೀಗೇ ಇದೆ ಸರ್," ಎಂದೆ.

'ಉಪಕರಣಗಳು ಸುಸ್ಥಿತಿಯಲ್ಲಿವೆ' ಎಂದು ಬರೆದು ಹೋದರು. ಆ ಉಪಕರಣದ ಕೆಳಗೆ ಬರ್ನರೇ ಇರಲಿಲ್ಲ.

೪. ಸೀಲ್

ಗಾರ್ಡಿನ ಕೆಲಸವೆಂದರೆ ಗಾಡಿ ಯಾವಾಗ ಹೊರಟಿತು, ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ನಿಮಿಷ ಬಿಡದೆ ಬರೆಯುವುದು; ಮುಚ್ಚಿದ ವ್ಯಾಗನ್‌ಗಳ ಸೀಲ್ ಒಡೆದಿಲ್ಲ ತಾನೇ ಎಂದು ನೋಡುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈಗೆ ಬೇರೆ ಥರ ಬರೆಯಲು ಬರುವುದಿಲ್ಲ. ಒಂದು ಬೆಳಿಗ್ಗೆ ಇವರು ಸಂಡಾಸಿನಿಂದ ಗಂಭೀರವಾಗಿ ಬಂದು ನೋಟ್‌ಬುಕ್ ತೆಗೆದರು. ಹಿಂದಿನಿಂದ ಇಣುಕಿದೆ.

'ಭುಟ್ಟಾ. ಹೊರಟಿದ್ದು ಸೋಮವಾರ 13.10. ತಲುಪಿದ್ದು ಬುಧವಾರ 6.25. ಲೋಡ್ ಬರೋಬರ್. ಒಂದು ಸೀಲೂ ಒಡೆದಿಲ್ಲ.'

"ರೀ! ಇದನ್ನ ಡಾಕ್ಟರಿಗೆ ತೋರಿಸ್ತೀರಾ?"

"ಗಾರ್ಡ್ ಖರೇ ಬರೀಬೇಕು."

"ಸರಿಯಾಗಿ ಅಗಿದರೆ ಸೀಲ್ ಒಡೆಯುತ್ತೆ."

"ಅಗದ್ರ ದವಡಿ ಹೋಗ್ತೈತಿ," ಎಂದರು. "ಸೀಲ್ ಒಡೆಯೋದು ಗಾರ್ಡಿನ ಕೆಲಸ ಅಲ್ಲ."

೫. ಬಿಟ್ಟುಹೋದ ಎಂಟ್ರಿ

ತಿಂಗಳು ಮುಗಿಯಿತು. ತಪಾಸಣೆಯ ದಿನ ಇವರು ಬಾವುಟವನ್ನು ಇಸ್ತ್ರಿ ಮಾಡಿ ಜೇಬಿನಲ್ಲಿಟ್ಟುಕೊಂಡೇ ಬಂದರು. ಸಕ್ಕರೆ ಹದಕ್ಕೆ ಬಂದಿತ್ತು, ತೂಕ ನಾಲ್ಕು ಕಿಲೋ ಇಳಿದಿತ್ತು. ನಾನು ಗೆದ್ದವಳಂತೆ ಕೂತೆ. ಆದರೆ ಡಾಕ್ಟರು ಸಹಿ ಹಾಕಲಿಲ್ಲ.

"ಮೊದಲು ನೋಟ್‌ಬುಕ್," ಎಂದರು. ನೋಡಿದರೆ ಕನ್ನಡ. ಮರಾಠಿ ವಾಡಿಕೆಯಂತೆ ನನ್ನನ್ನು ಅತ್ತಿಗೆ ಎಂದು ಕರೆದು ಅದನ್ನು ನನ್ನ ಕೈಗೇ ಕೊಟ್ಟರು. "ವಹಿನಿ, ನೀವೇ ಓದಿ ಹಿಂದಿಯಲ್ಲಿ ಹೇಳಿ."

ಓದಿದೆ. ಸೀಲಿನ ಪುಟಕ್ಕೆ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಂದಿನ ಪುಟ ಹೀಗಿತ್ತು: 'ಉಮರೇಡ್ ಸ್ಟೇಷನ್. ವೇಳಾಪಟ್ಟಿಯಲ್ಲಿಲ್ಲದ ನಿಲುಗಡೆ, ಹತ್ತು ನಿಮಿಷ. ತರ್ರಿ ಪೋಹಾ, ಒಂದು ಪ್ಲೇಟ್. ಕಾರಣ: ಲೈನ್ ಕ್ಲಿಯರ್. ಮನೆಯವರು ಕಾಲೇಜಿನಲ್ಲಿ.'

ಖಾರದ ಸಾರು ಸುರಿದ ಅವಲಕ್ಕಿ! ಒಂದು ಅಕ್ಷರ ಬಿಡದೆ, ಕಾರಿಡಾರಿಗೂ ಕೇಳುವಂತೆ ಅನುವಾದಿಸಿದೆ. ಆಮೇಲೆ ಪುಟ ತಿರುಗಿಸಿದವಳು, ಇನ್ನೊಂದು ಪುಟವನ್ನೂ ಜಲ್ದಿ ತಿರುಗಿಸಿದೆ.

"ಒಂದು ಎಂಟ್ರಿ ಬಿಟ್ಟಿ ನೋಡು," ಎಂದರು ಇವರು.

"ಅದು ಮುಖ್ಯದ್ದಲ್ಲ."

"ರೆಕಾರ್ಡ್ ಅಂದಮ್ಯಾಲೆ ಎಲ್ಲಾನೂ ಮುಖ್ಯ." ನೋಟ್‌ಬುಕ್ ಕಸಿದು ತಾವೇ ಶುದ್ಧ ಹಿಂದಿಯಲ್ಲಿ ಓದಿದರು: 'ದಿನ ಹನ್ನೆರಡು, ಬೆಳಿಗ್ಗೆ 5.40. ಅಡುಗೆಮನೆಯಿಂದ ಒಗ್ಗರಣೆ ವಾಸನೆ. ಉಪ್ಪಿಟ್ಟು, ಒಂದೇ ತಟ್ಟೆ, ಮನೆಯವರಿಗೆ ಮಾತ್ರ. ಗಾರ್ಡ್ ನಿದ್ದೆ ಬಂದವರಂತೆ ಮಲಗಿದ್ದರು. ದಿನ ಹದಿಮೂರು: ಅದೇ. ದಿನ ಹದಿನಾಲ್ಕು: ಅದೇ, ಗೋಡಂಬಿ ಸಹಿತ.'

ಡಾಕ್ಟರು ನಗುತ್ತಲೇ 'ಫಿಟ್' ಎಂದು ಬರೆದು ಸಹಿ ಹಾಕಿದರು. "ಗಾಡಿ ಹತ್ತಿ. ಆದರೆ ಭುಟ್ಟಾ ಬೇಯಿಸಿ ತಿನ್ನಿ, ಅದೂ ಸ್ವಲ್ಪ." ಆಮೇಲೆ ತೂಕದ ಯಂತ್ರದತ್ತ ಕೈತೋರಿಸಿದರು. "ವಹಿನಿ, ಈಗ ನೀವು."

ಹತ್ತಿದೆ. ಇವರು ಬಗ್ಗಿ ಮುಳ್ಳು ನೋಡಿದರು, ಮೊದಲ ಪುಟ ತೆರೆದು ತಾಳೆ ನೋಡಿದರು, ಮತ್ತೆ ಮುಳ್ಳು ನೋಡಿದರು. ಆಮೇಲೆ ಪೆನ್ನು ತೆಗೆದು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಕೊನೆಯ ಸಾಲು ಬರೆದರು:

'ಕಾಣೆಯಾಗಿದ್ದ ನಾಲ್ಕು ಕಿಲೋ ಮನೆಯಲ್ಲೇ ಪತ್ತೆ.'