ಕಾಕಾನೆದುರು ಉಸಿರು ಬಿಟ್ಟವರು

ನಮ್ಮ ಕಾಕಾನೆದುರು ಯಾರೂ ನಿಟ್ಟುಸಿರು ಬಿಡುತ್ತಿರಲಿಲ್ಲ. ಮನೆಯಲ್ಲಿ ದುಃಖವಿರಲಿಲ್ಲವೆಂದಲ್ಲ, ಧೈರ್ಯವಿರಲಿಲ್ಲ! ಬಿಟ್ಟಿರೋ, ಆ ಉಸಿರು ಎಲ್ಲಿಂದ ಹೊರಟಿತು, ಯಾವ ದಾರಿ ಹಿಡಿಯಿತು, ಬರುವಾಗ ಏನು ಹೊತ್ತು ತಂದಿತು ಎಂಬುದನ್ನೆಲ್ಲ ಕೇಳಿಸಿಕೊಂಡೇ ಏಳಬೇಕು. ಆಕಳಿಸಿದವರ ಪಾಡು ಇನ್ನೂ ಕಷ್ಟ. ಪಾಠ ಕೇಳುತ್ತ ಮತ್ತೊಂದು ಆಕಳಿಕೆ ಬರುತ್ತಿತ್ತು, ಪಾಠ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಅದು ನಿಜಾಮರ ಕಾಲ. ಅಪ್ಪನ ತಮ್ಮನಾದ ಕಾಕಾ ವಾಡಿ ಸ್ಟೇಷನ್ನಿನಲ್ಲಿ ಪಾರ್ಸಲ್ ಕಾರಕೂನ. ರಜೆ ಸಿಕ್ಕಾಗಲೆಲ್ಲ ಗಾಡಿ ಹತ್ತಿ ಚಿತ್ತಾಪುರದ ನಮ್ಮ ಮನೆಗೆ ಬರುತ್ತಿದ್ದ. ನನಗೆ ಚಿಕ್ಕಂದಿನಿಂದ ದಮ್ಮು. ಒಮ್ಮೆ ನನ್ನನ್ನು ವಾಡಿಯ ಡಾಕ್ಟರ್ ಸಾಹೇಬರಲ್ಲಿಗೆ ಕರೆದೊಯ್ದವನು, ಅವರ ಗೋಡೆಯ ಮೇಲಿದ್ದ ಫುಪ್ಪುಸದ ಬಣ್ಣದ ಚಿತ್ರದೆದುರು ನಿಂತವನು ನಿಂತೇಬಿಟ್ಟ. ನನಗೆ ಔಷಧಿ ಸಿಕ್ಕಿತು, ಕಾಕಾನಿಗೆ ಹುಚ್ಚು ಹಿಡಿಯಿತು! ಆಮೇಲೆ ಡಾಕ್ಟರರನ್ನು ಕಾಡಿ ಬೇಡಿ ಉರ್ದುವಿನಲ್ಲಿ ಕಲಿತದ್ದನ್ನೆಲ್ಲ ನಮಗೆ ಕನ್ನಡದಲ್ಲಿ ಬಡಿಸತೊಡಗಿದ.

ಮೊದಲು ಸಿಕ್ಕವನು ನಮ್ಮ ಓಣಿಯ ಕಮ್ಮಾರ. ಕಾಕಾ ಹೋಗಿ ಅವನ ತಿದಿಯ ಮೇಲೆ ಕೈಯಿಟ್ಟು ಕೇಳಿದ, "ಗಾಳಿ ಹೊಕ್ಕಿದ್ದಕ್ಕ ತಿದಿ ಉಬ್ಬತದೋ, ತಿದಿ ಉಬ್ಬಿದ್ದಕ್ಕ ಗಾಳಿ ಹೊಗತದೋ?"

ಕಮ್ಮಾರ ತಿದಿ ಒತ್ತುವುದನ್ನು ಬಿಟ್ಟು ಯೋಚನೆಗೆ ಬಿದ್ದ. ಕಾಕಾನಿಗೆ ಅಷ್ಟೇ ಬೇಕಿತ್ತು.

"ನಮ್ಮ ಎದಿನೂ ಹಿಂಗೇ ನೋಡು. ಫುಪ್ಪುಸಕ್ಕ ತನ್ನದಂತ ತಾಕತ್ತಿಲ್ಲ. ಅದರ ಕೆಳಗ ಒಂದು ಪರದೆ ಅದ. ಅದು ಕೆಳಗ ಸರೀತದ, ಪಕ್ಕೆಲುಬು ಮ್ಯಾಲೇಳತಾವ, ಒಳಗ ಜಾಗಾ ಹಿಗ್ಗತದ. ಖಾಲಿ ಜಾಗಾ ಕಂಡ್ರ ಗಾಳಿ ಬಿಡತದೇನು? ನುಗ್ಗತದ. ಪರದೆ ಸಡಿಲಾತಂದ್ರ ಮತ್ತ ಹೊರಗ."

"ಖರೇ ಅದರಿ ಸಾಹೇಬ್ರ," ಎಂದ ಕಮ್ಮಾರ. "ಆದ್ರ ನೀವು ಮಾತಾಡೂದ್ರಾಗ ನನ್ನ ನೇಗಿಲ ಕುಳ ತಣ್ಣಗಾತು."

ಆ ಪರದೆ ಕಣ್ಣಿಗೆ ಕಾಣುವುದಿಲ್ಲವಲ್ಲ, ನಂಬುವುದು ಹೇಗೆ? ಅದಕ್ಕೂ ಕಾಕಾನ ಹತ್ತಿರ ಉಪಾಯವಿತ್ತು. ಊಟ ಮಾಡಿ ಮಲಗಿದ್ದ ಅಜ್ಜನ ಹೊಟ್ಟೆಯ ಮೇಲೆ ಮೆಲ್ಲಗೆ ನೀರು ತುಂಬಿದ ತಂಬಿಗೆ ಇಟ್ಟ. ಅಜ್ಜ ಉಸಿರೆಳೆದಾಗ ತಂಬಿಗೆ ಮೇಲೆ, ಬಿಟ್ಟಾಗ ಕೆಳಗೆ. ನಾವೆಲ್ಲ ಸುತ್ತ ಕುಳಿತು ಬೆರಗಾಗಿ ನೋಡುತ್ತಿದ್ದಾಗ ಅಜ್ಜ ಸೀನಿದ! ನೀರು, ತಂಬಿಗೆ, ಅಜ್ಜ, ಮೂರೂ ಒಟ್ಟಿಗೆ ಎದ್ದವು. ಬೈಗುಳದ ಮಳೆಯ ನಡುವೆಯೂ ಕಾಕಾ ನಮ್ಮ ಕಡೆ ತಿರುಗಿ, "ನೋಡಿದ್ರಿಲ್ಲ, ಪರದೆಗೆ ಎಷ್ಟು ಜೋರು ಅದ ಅಂತ," ಎಂದ.

ಆದರೆ ಅವನ ಬುದ್ಧಿಗೆ ನಾನು ತಲೆದೂಗಿದ್ದು ಅಜ್ಜಿಗೆ ಹೇಳಿದ ಪಾಠದಿಂದ. ಅಜ್ಜಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತ, ಒಳಗೆ ಹೋದ ಗಾಳಿ ಅಲ್ಲಿ ಮಾಡುವುದಾದರೂ ಏನು ಎಂದು ಕೇಳಿಬಿಟ್ಟಿದ್ದಳು.

"ನಮ್ಮ ವಾಡಿ ನೋಡೀದಿಲ್ಲವಾ? ಬೊಂಬಾಯಿ ಕಡೆ ಗಾಡಿ ಬಂದು ನಿಂದರತದ, ಹೈದರಾಬಾದಿನ ಗಾಡಿ ಬಾಜೂಕ ಇರ್ತದ. ಗಾಡಿ ಗಾಡಿ ಕೂಡಂಗಿಲ್ಲ, ಮಂದಿ ಮಾತ್ರ ಇಳದು ಹತ್ತತಾರ. ಫುಪ್ಪುಸದಾಗ ದ್ರಾಕ್ಷಿ ಗೊಂಚಲದಂಗ ಸಣ್ಣ ಸಣ್ಣ ಗುಳ್ಳಿ ಅವ. ಗುಳ್ಳಿ ಒಳಗ ಗಾಳಿ, ಹೊರಗ ರಕ್ತ, ನಡುವ ಉಳ್ಳಾಗಡ್ಡಿ ಪೊರಿಗಿಂತ ತೆಳ್ಳನ ಗೋಡಿ. ಚೊಲೋ ಗಾಳಿ ಅಲ್ಲಿ ಇಳದು ರಕ್ತದ ಗಾಡಿ ಹತ್ತತದ. ಕೆಟ್ಟ ಗಾಳಿ ರಕ್ತದಿಂದ ಇಳದು ಉಸಿರಿನ ಗಾಡಿ ಹಿಡದು ಹೊರಗ ಹೋಗತದ."

ಎರಡು ರೈಲುಗಳು ಕೂಡುವ ಜಂಕ್ಷನ್ನು ನಮ್ಮೆಲ್ಲರ ಎದೆಯಲ್ಲಿ! ಅಜ್ಜಿ ಬೇಳೆಯಿಂದ ಕಣ್ಣೆತ್ತದೆ ಕೇಳಿದಳು, "ಅಲ್ಲಿ ಗಾಡಿ ಲೇಟಾಗಂಗಿಲ್ಲೇನು?"

ಕಾಕಾನ ದನಿ ಇಳಿಯಿತು. "ಆಗತದವಾ. ನಮ್ಮ ಕೂಸಿನ ಎದ್ಯಾಗ ಹಾದಿ ಇಕ್ಕಟ್ಟಾಗತದ. ಹೋದ ಗಾಳಿ ಹೊರಗ ಬರಾಕ ಒದ್ದಾಡತದ."

ಆ ಕೂಸಿಗೆ, ಎಂದರೆ ನನಗೆ, ಮದುವೆಯ ವಯಸ್ಸಾಯಿತು. ದಮ್ಮಿನ ಸುದ್ದಿ ತಿಳಿದು ಬಂದ ಸಂಬಂಧಗಳೆಲ್ಲ ಹಿಂದೆ ಸರಿದಿದ್ದವು. ಸೇಡಂನಿಂದ ಮತ್ತೊಂದು ಗಂಡು ನೋಡಲು ಬಂದಾಗ, ಈ ಸಲ ಬಾಯಿ ಬಿಡಬಾರದೆಂದು ಹಿರಿಯರು ಗಟ್ಟಿ ಮಾಡಿಕೊಂಡರು. ಬಾಯಿ ಬಿಡುವವನು ಮನೆಯಲ್ಲಿ ಇದ್ದದ್ದು ಒಬ್ಬನೇ.

"ಇವತ್ತೊಂದಿನ ಉಸಿರಿನ ಸುದ್ದಿ ಎತ್ತಬ್ಯಾಡಪ್ಪ, ಕೈ ಮುಗೀತೀನಿ," ಎಂದಳು ಅವ್ವ.

"ಇಲ್ಲ ವೈನಿ. ತುಟಿ ಹೊಲಕೊಂಡು ಕುಂದರತೀನಿ."

ಪಾಪ, ಕುಳಿತಿದ್ದ. ಗಂಡಿನ ತಾಯಿ ಬಿಸಿಲಿಗೆ ಬಸವಳಿದು "ಉಶ್" ಎಂದು ಉಸಿರು ಬಿಟ್ಟಾಗ ಅವನ ತುಟಿ ಅದುರಿದ್ದನ್ನು ನಾನು ನೋಡಿದೆ. ಆದರೂ ತಡೆದುಕೊಂಡ. ಅಷ್ಟರಲ್ಲಿ ಅಡುಗೆಮನೆಯಿಂದ ಒಗ್ಗರಣೆಯ ಮೆಣಸಿನಕಾಯಿ ಘಾಟು ಬಂತು. ಕೈಯಲ್ಲಿ ಚುರುಮುರಿ ಸುಸಲಾದ ತಾಟು ಹಿಡಿದು ನಿಂತಿದ್ದ ನನಗೆ ಎದೆ ಬಿಗಿಯಿತು. ಒಳಗಿನಿಂದ ಸೀಟಿ ಊದಿದಂತೆ ಸದ್ದು.

"ನಿನ್ನೆಯಿಂದ ನೆಗಡಿ ಆಗೇದ್ರಿ," ಎಂದಳು ಅವ್ವ.

ಕಾಕಾ ಎದ್ದ. ನನ್ನನ್ನು ಕುಳ್ಳಿರಿಸಿ, ಮುಂದಕ್ಕೆ ಬಾಗಿಸಿ, ತಾನು ಎದುರಿಗೆ ಕುಳಿತ. "ಉಸಿರು ಜಗ್ಗಬ್ಯಾಡ ಅವ್ವಿ. ಬಿಡು. ಬಿಸಿ ಹಾಲು ಊದಿದಂಗ, ತುಟಿ ಚೂಪ ಮಾಡಿ, ಸಾವಕಾಶ." ಆಮೇಲೆ ಬೀಗರ ಕಡೆ ತಿರುಗಿದ. "ನೀವೂ ಊದ್ರಿ. ಕೂಸು ನಾಚಕೊಳ್ಳಾಕತ್ತಾಳ."

ಏನೆಂದುಕೊಂಡರೋ, ಅವರೂ ಊದಿದರು! ರುಮಾಲು ಸುತ್ತಿದ ಗಂಡಿನ ತಂದೆ, ಮೈತುಂಬ ಸೆರಗು ಹೊದ್ದ ತಾಯಿ, ಸಂಬಂಧ ತಂದ ಮುದುಕ, ಎಲ್ಲರೂ ತುಟಿ ಚೂಪು ಮಾಡಿ ಫೂ, ಫೂ. ನನಗೆ ಸಂಕಟದ ನಡುವೆಯೂ ನಗು ಬಂತು. ಎದೆ ಮೆಲ್ಲಗೆ ಸಡಿಲವಾಯಿತು.

"ನೆಗಡಿ ಅಲ್ರಿ, ದಮ್ಮು," ಎಂದ ಕಾಕಾ. "ಬ್ಯಾಡಂದ್ರ ನಮಗ ಬೇಜಾರಿಲ್ಲ. ಆದ್ರ ಈ ಕೂಸಿನಾಗ ಬ್ಯಾರೆ ಯಾವ ಕೊರತೀನೂ ಇಲ್ಲ."

ಅಪ್ಪ ತಲೆ ತಗ್ಗಿಸಿದ. ಅವ್ವ ಗೋಡೆಗೆ ಒರಗಿದಳು. ಗಂಡಿನ ತಂದೆ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಎದ್ದು ಬಾಗಿಲ ಕಡೆ ತಿರುಗಿದರು. ಇದೂ ಹೋಯಿತು ಎಂದುಕೊಂಡೆ. ನನಗೆ ಕಾಕಾನ ಮೇಲೆ ಸಿಟ್ಟು ಬರಲಿಲ್ಲ. ಸುಳ್ಳು ಹೇಳಿ ಹೋದ ಮನೆಯಲ್ಲಿ ನಾನು ಯಾರೆದುರು ಹೀಗೆ ಉಸಿರಾಡುತ್ತಿದ್ದೆ?

ಜಮಖಾನೆಯ ಆ ತುದಿಯಲ್ಲಿ ಕುಳಿತಿದ್ದ ಮದುವೆ ಹುಡುಗ ಕೇಳಿದ, "ಕಾಕಾರ, ಇವರಿಗೆ ಹಿಂಗಾದಾಗ ನಾ ಏನ್ ಮಾಡಬೇಕ್ರಿ?"

ಪರದೆ, ಪಕ್ಕೆಲುಬು, ಗುಳ್ಳೆ, ರಕ್ತ, ಹೇಳುವುದಕ್ಕೆ ಕಾಕಾನ ಹತ್ತಿರ ಎಷ್ಟಿರಲಿಲ್ಲ! ಅವನ ಕಣ್ಣು ತುಂಬಿತ್ತು.

"ಭಾಳೇನಿಲ್ಲ ತಮ್ಮಾ. ಎದುರಿಗೆ ಬಂದು ಕುಂದ್ರು. ತಾ ಒಬ್ಬಾಕಿನೇ ಒದ್ದಾಡಾಕತ್ತೀನಿ ಅಂತ ಆಕಿಗೆ ಅನಸಬಾರದು."

ಹುಡುಗ ಎದ್ದ. ತಂದೆಯ ಹಿಂದೆ ಬಾಗಿಲಿಗೆ ಹೋಗಲಿಲ್ಲ. ಹಿರಿಯರೆಲ್ಲ ನೋಡುತ್ತಿದ್ದಂತೆಯೇ ಜಮಖಾನೆ ದಾಟಿ ಬಂದು, ಕಾಕಾನ ಪಕ್ಕದಲ್ಲಿ, ನನ್ನೆದುರಿಗೆ ಕುಳಿತುಕೊಂಡ.