ಒಂದು ಚೆಂಡು ಹಿಂದಿರುವ ಕಾಕಾ

ನಮ್ಮ ಕಾಕಾನಂಥ ಬೆಂಗಳೂರು ತಂಡದ ಅಭಿಮಾನಿ ಇನ್ನೊಬ್ಬರಿಲ್ಲ. ಬೆಂಗಳೂರನ್ನು ಕಂಡಿಲ್ಲ, ಕ್ರಿಕೆಟ್ಟೂ ಅಷ್ಟಕ್ಕಷ್ಟೇ. ಈ ಎರಡು ಸಣ್ಣ ಕೊರತೆಗಳನ್ನು ಬಿಟ್ಟರೆ ಪಕ್ಕಾ ಅಭಿಮಾನಿ!

ಮಹಾರಾಷ್ಟ್ರದ ಮಿರಜ ಪೇಟೆಯಲ್ಲಿ ಅರಿಸಿನ, ಬೆಲ್ಲದ ಅಂಗಡಿ ಅವರದು. ಓಣಿಯೆಲ್ಲ ಮುಂಬೈ ತಂಡದ ಕಡೆ. ಇವರೊಬ್ಬರೇ ಪಂದ್ಯದ ದಿನ ಕೆಂಪು ಟವೆಲ್ಲು ಹೊದ್ದು ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರು. ಹತ್ತಿರದ ಆರಗ ಎಂಬ ಹಳ್ಳಿಯ ಗಿರಾಕಿ ಬಂದು ಕನ್ನಡ ಮಾತಾಡಿದರೆ ಅವನ ಕೈಗೊಂದು ಬೆಲ್ಲದ ತುಣುಕು. ತಿಂದಾದ ಮೇಲೆ ಅವನು "ನಮ್ದೂ ಮುಂಬೈನ ರೀ" ಎಂದುಬಿಟ್ಟರೆ? ಬೆಲ್ಲ ವಾಪಸು ಕೇಳಲು ಬರುವುದಿಲ್ಲವಲ್ಲ, ಅದೇ ಅವರ ಸಂಕಟ.

ಒಮ್ಮೆ ಟಿವಿಯಲ್ಲಿ ಆಸ್ಟ್ರೇಲಿಯಾದವನೊಬ್ಬ ಬೆಂಗಳೂರಿನ ಪರ ಬ್ಯಾಟು ಬೀಸುತ್ತಿದ್ದ.

"ನಮ್ಮಾಂವ ನೋಡು, ಹೆಂಗ ಹೊಡ್ಯಾಕತ್ತಾನ" ಎಂದರು ಕಾಕಾ.

"ಅವಗ ಕನ್ನಡ ಬರೂದಿಲ್ಲಲ್ರೀ" ಎಂದೆ.

"ನಿನ್ನ ಮಕ್ಕಳಿಗೆ ಬರತೈತೇನು? ಅವರನ್ನ ಮನ್ಯಾಗ ಇಟಗೊಂಡಿಲ್ಲೇನು?"

ಕೇಳಿದ್ದಕ್ಕೆಲ್ಲ ಮರಾಠಿಯಲ್ಲೇ ಉತ್ತರಿಸುವ ಮಕ್ಕಳ ತಂದೆ ನಾನು.

ಅವರ ನಿಜವಾದ ಹುಚ್ಚು ಬೇರೆಯೇ ಇದೆ. ಆಟದ ವಿವರಣೆ ಕನ್ನಡದಲ್ಲೇ ಆಗಬೇಕು! ನಮ್ಮ ಕೇಬಲ್ಲಿನಲ್ಲಿ ಅದು ಬರುವುದಿಲ್ಲ. ಮೊಬೈಲಿನ ಇಂಟರ್ನೆಟ್ಟಿನಿಂದ ಟಿವಿಗೆ ತರಿಸಬೇಕು. ಅದು ಕೇಬಲ್ಲಿಗಿಂತ ತಡವಾಗಿ ಬರುತ್ತದೆ, ಹಾಗಾಗಿ ಓಣಿಗಿಂತ ನಾವು ಸದಾ ಒಂದು ಚೆಂಡು ಹಿಂದೆ. ಪಕ್ಕದಲ್ಲಿ ತಂಬೂರಿ ಮಾಡುವ ಮರಾಠಿ ಮಾಮಾನ ಮನೆಯಲ್ಲಿ ಕೇಕೆ ಎದ್ದಿತೆಂದರೆ ನಮ್ಮವರ ವಿಕೆಟ್ ಬಿತ್ತೆಂದೇ ಲೆಕ್ಕ. ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಆಗ ಕಾಕಾ ಕೈಮುಗಿದು, "ಸಂಭಾಳಿಸಿ ಆಡೋ ತಮ್ಮಾ" ಎಂದು ಆಗಲೇ ಔಟಾದವನನ್ನು ಬೇಡಿಕೊಳ್ಳುತ್ತಾರೆ.

"ಮರಾಠಿ ಹಚ್ಚೂಣ್ರಿ ಕಾಕಾ."

"ಬ್ಯಾಡ. ಸೋತ್ರೂ ನಮ್ಮ ಮಾತಿನ್ಯಾಗ ಸೋಲೂಣು. ಒಮ್ಮೆ ಕಪ್ ಗೆಲ್ಲೂದು ಕಣ್ಣಾರೆ ನೋಡಿದ್ರ ಸಾಕು ನನಗ."

ವರ್ಷಗಳು ಹೋದವು, ಕಪ್ಪು ಬರಲಿಲ್ಲ. ಕೊನೆಗೊಂದು ಫೈನಲ್ಲಿನ ಕೊನೆಯ ಓವರು. ಕಾಕಾ ಟವೆಲ್ಲಿನ ತುದಿ ಕಚ್ಚಿಕೊಂಡಿದ್ದರು. ನನ್ನ ಕಿವಿ ಪಕ್ಕದ ಗೋಡೆಯ ಕಡೆ. ಕೇಕೆಯಿಲ್ಲ, ಸಿಳ್ಳೆಯಿಲ್ಲ, ಇಡೀ ಓಣಿಯೇ ಗಪ್‌ಚುಪ್! ಅವರ ಕಡೆ ಕರೆಂಟು ಹೋಯಿತೇ? ಅಷ್ಟರಲ್ಲಿ ನಮ್ಮ ಟಿವಿಯೊಳಗಿನ ಕನ್ನಡ ಗೆದ್ದೆವೆಂದು ಕೂಗಿತು. ಅದರ ಬೆನ್ನಿಗೇ ಹೊರಗೆ ಪಟಾಕಿ.

ಮಾಮಾ ಪೇಢೆ ಹಿಡಿದು ಒಳಬಂದ. ಹರಕು ಕನ್ನಡದಲ್ಲಿ ಹೇಳಿದ: "ನಿಮ್ಮ ಟಿವಿ ಮಾಗೆ, ಹಿಂದ ಐತಲ್ರಿ ಕಾಕಾ. ನಿಮಗ ಕಾಣೂ ತನಕಾ ಯಾರೂ ಒದರಬ್ಯಾಡ್ರಿ ಅಂತ ಓಣಿಗೆಲ್ಲಾ ಹೇಳಿದ್ನಿ."

ಕಾಕಾ ಪೇಢೆ ಮುಟ್ಟಲಿಲ್ಲ. ಟಿವಿಯಲ್ಲಿ ಬೆಂಗಳೂರಿನ ಜನ ಕುಣಿಯುತ್ತಿದ್ದರು. ಅವರನ್ನೇ ನೋಡುತ್ತ ಕೂತವರು ನನ್ನತ್ತ ತಿರುಗಿದರು.

"ಇಲ್ಲಿ ಮಿರಜದಾಗೂ ನಮ್ಮಾಂವ ಒಬ್ಬ ಅದಾನಂತ ಅವರಿಗೆ ಗೊತ್ತಿದ್ದೀತೇನೋ?"

ಮಾಮಾನೇ ಪೇಢೆ ಮುರಿದು ಕಾಕಾನ ಬಾಯಿಗಿಟ್ಟ.

"ಅವರ್ದು ಬಿಡ್ರಿ ಕಾಕಾ. ನಮಗ ಗೊತ್ತೈತಲ್ಲಾ."